ಸಿಮೆಂಟಿನ ದಂತಕಿರೀಟ: ಹೊಂದಿಕೆ ಮತ್ತು ಹಿಡಿತ

ಹುಳುಕು ತಿಂದ, ಒಡೆದ ಅಥವಾ ರೂಟ್ ಕೆನಾಲ್ ಚಿಕಿತ್ಸೆಯಿಂದ ಬಲಗುಂದಿದ ಹಲ್ಲನ್ನು ಸುತ್ತಲೂ ತೇದು, ಅದರ ಮೇಲೆ ಲೋಹದ, ಪಿಂಗಾಣಿಯ ಅಥವಾ ಜಿರ್ಕೋನಿಯಾದ ಹೊದಿಕೆಯನ್ನು ಸಿಮೆಂಟು ಹಚ್ಚಿ ಕೂರಿಸುತ್ತಾರೆ. ಆ ಹೊದಿಕೆಯೇ ದಂತಕಿರೀಟ. ಕಾರವಾರದ ಹಬ್ಬುವಾಡದಲ್ಲಾಗಲಿ ಅಂಕೋಲೆಯ ಪೇಟೆಯಲ್ಲಾಗಲಿ ಜನರ ಬಾಯಲ್ಲಿ ಅದು ಕ್ಯಾಪ್. ಅದು ಕಳಚಿ ಕೈಗೆ ಬಂದಾಗ ಸಿಮೆಂಟು ಬಿಟ್ಟಿತು ಎನ್ನುವುದು ರೂಢಿ. ಹೀಗಾಗಿ ಗಟ್ಟಿ ಸಿಮೆಂಟು ಹಾಕಿಸಿದರೆ ಎಲ್ಲ ಸರಿಹೋದೀತೆಂಬ ನಂಬಿಕೆ ರೋಗಿಗಳಲ್ಲೂ ಕೆಲವು ವೈದ್ಯರಲ್ಲೂ ಬೇರೂರಿದೆ. ಎಪ್ಪತ್ತು ವರ್ಷಗಳ ಸಂಶೋಧನೆ ಬೇರೆ ಕಡೆಗೆ ಬೆರಳು ಮಾಡುತ್ತದೆ. ಕ್ಯಾಪನ್ನು ಹಿಡಿದು ನಿಲ್ಲಿಸುವುದು ಮೊದಲಿಗೆ ತೇದ ಹಲ್ಲಿನ ಆಕಾರ. ಆ ಆಕಾರಕ್ಕೂ ಕ್ಯಾಪಿನ ಒಳಮೈಗೂ ನಡುವೆ ಉಳಿದ ಸಂದನ್ನು ತುಂಬಿ, ಎರಡನ್ನೂ ಕಚ್ಚಿಸಿ ಹಿಡಿಯುವ ಕೆಲಸ ಸಿಮೆಂಟಿನದು. ಆಕಾರ ತಪ್ಪಿದ ಹಲ್ಲಿನ ಮೇಲೆ ಒಳ್ಳೆಯ ಸಿಮೆಂಟೂ ಹೆಚ್ಚು ಕಾಲ ನಿಲ್ಲದು. ಆಕಾರ ಸರಿಯಿದ್ದರೆ ನೂರು ವರ್ಷ ಹಳೆಯ ಸೂತ್ರದ ಜಿಂಕ್ ಫಾಸ್ಫೇಟ್ ಕೂಡ ದಶಕಗಳ ಕಾಲ ಹಿಡಿಯುತ್ತದೆ. ಗಾಳಿಯ ತೇವ ಸಿಮೆಂಟಿನ ಕೆಲಸಕ್ಕೆ ಅಡ್ಡಬರುವ ಕರಾವಳಿಯಲ್ಲಂತೂ ಈ ವಿವೇಕಕ್ಕೆ ಬೆಲೆ ಇನ್ನೂ ಹೆಚ್ಚು.

ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಕ್ಯಾಪಿನ ಒಳಮೈಯೂ ಅಂಚೂ ಹಲ್ಲಿಗೆ ಎಷ್ಟು ಸಮೀಪ ಕೂತಿವೆ ಎಂಬುದು ಹೊಂದಿಕೆ. ಕೂರಿಸಿದ ದಾರಿಯಲ್ಲೇ ಹಿಂದಕ್ಕೆ ಎಳೆದರೆ, ಉದಾಹರಣೆಗೆ ಹಲಸಿನ ಮೇಣವೋ ಚಿಕ್ಕಿಯೋ ಅಂಟಿ ಜಗ್ಗಿದರೆ, ಕಳಚದಿರುವುದು ಹಿಡಿತ. ಓರೆಯಾಗಿ ಬಿದ್ದ ಬಲಕ್ಕೆ ಮಗುಚದೆ ನಿಲ್ಲುವುದು ನಿರೋಧ. ಅಗಿಯುವಾಗ ಹಲ್ಲಿನ ಮೇಲೆ ಬೀಳುವ ಬಲ ಬಹುಪಾಲು ಓರೆಯಾದದ್ದರಿಂದ ಬಾಯಲ್ಲಿ ಹೆಚ್ಚು ಕ್ಯಾಪುಗಳನ್ನು ಸೋಲಿಸುವುದು ಮೂರನೆಯದರ ಕೊರತೆ. ಪ್ರಯೋಗಾಲಯದ ಯಂತ್ರಗಳು ಕ್ಯಾಪನ್ನು ನೇರ ಮೇಲಕ್ಕೆ ಎಳೆದು ಹಿಡಿತವನ್ನು ಅಳೆಯುತ್ತವೆ. ಆ ಅಂಕಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಆಕಾರದಲ್ಲಿ ಮೊದಲು ಬರುವುದು ಗೋಡೆಗಳ ಇಳಿಜಾರು. ತೇದ ಹಲ್ಲಿನ ಎದುರುಬದುರು ಗೋಡೆಗಳು ಮೇಲಕ್ಕೆ ಹೋದಂತೆ ಎಷ್ಟು ಡಿಗ್ರಿ ಒಂದರತ್ತ ಒಂದು ವಾಲುತ್ತವೆಯೋ ಅದೇ ಒಟ್ಟು ಒಮ್ಮುಖ ಕೋನ. ಉದ್ದ ಲೋಟದ ಮೇಲೆ ಲೋಟ ಕವುಚಿದರೆ ಬಿಡಿಸುವುದೇ ಕಷ್ಟ, ಬಟ್ಟಲ ಮೇಲೆ ಬಟ್ಟಲು ಕವುಚಿದರೆ ಬೆರಳು ತಾಗಿದರೂ ಜಾರುತ್ತದೆ. 1955ರಲ್ಲಿ ಡೆನ್ಮಾರ್ಕಿನ ಯೋರ್ಗೆನ್ಸನ್ ಇದನ್ನು ಅಳೆದು ತೋರಿಸಿದರು. ಅವರ ಫಲಿತಾಂಶದಲ್ಲಿ ಕೋನ 5ರಿಂದ 10 ಡಿಗ್ರಿಗೆ ಏರಿದಾಗ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಲ್ಲಿಂದ ಮುಂದೆ ಇಳಿತ ಮುಂದುವರಿಯುತ್ತದೆ, ಆದರೆ ವೇಗ ಕುಗ್ಗುತ್ತದೆ. ಮೊದಲ ಕೆಲವು ಡಿಗ್ರಿಗಳಲ್ಲೇ ಹೆಚ್ಚು ನಷ್ಟವಾಗುವುದರಿಂದ ಪಠ್ಯಪುಸ್ತಕಗಳು ಬಹುಕಾಲ 6 ಡಿಗ್ರಿಯ ಆಸುಪಾಸಿನ ಆದರ್ಶವನ್ನೇ ಬೋಧಿಸಿದವು. ಬಾಯೊಳಗೆ ಆ ಆದರ್ಶ ದಕ್ಕುವುದು ಅಪರೂಪ. ಗುಡೇಕರ್ ಮತ್ತು ಸಂಗಡಿಗರು 2001ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, 10ರಿಂದ 20 ಡಿಗ್ರಿಯ ಗುರಿಯೇ ವಾಸ್ತವಕ್ಕೆ ಹತ್ತಿರ ಎಂದರು. ಅದರ ಜೊತೆಗೆ ಎತ್ತರದ ಕನಿಷ್ಠ ಮಿತಿಯನ್ನೂ ಹೇಳಿದರು: ದವಡೆ ಹಲ್ಲಿಗೆ 4 ಮಿ.ಮೀ., ಉಳಿದವಕ್ಕೆ 3 ಮಿ.ಮೀ. ಎತ್ತರವು ಅಗಲದ ಹತ್ತರಲ್ಲಿ ನಾಲ್ಕು ಪಾಲಿಗಿಂತ ಕಡಿಮೆಯಾಗಬಾರದು ಎಂಬುದು ಅವರ ಇನ್ನೊಂದು ಅಳತೆಗೋಲು.

ಎತ್ತರಕ್ಕೆ ಇಷ್ಟು ಮಹತ್ವ ಬಂದದ್ದು ಜ್ಯಾಮಿತಿಯಿಂದ. ಕ್ಯಾಪ್ ಮಗುಚುವಾಗ ಒಂದು ಬದಿಯ ಅಂಚನ್ನು ತಿರುಗಣೆಯಾಗಿ ಮಾಡಿಕೊಂಡು ಎದುರು ಬದಿಯಲ್ಲಿ ಏಳುತ್ತದೆ. ಏಳುವ ಆ ಕಮಾನು ಎದುರು ಗೋಡೆಗೆ ಎಲ್ಲಿಯಾದರೂ ತಡೆದರೆ ಕ್ಯಾಪ್ ನಿಲ್ಲುತ್ತದೆ, ತಡೆಯದಿದ್ದರೆ ಇಡೀ ಭಾರ ಸಿಮೆಂಟಿನ ಮೇಲೆ ಬೀಳುತ್ತದೆ. ಬುಡದಲ್ಲಿ 10 ಮಿ.ಮೀ. ಅಗಲ, 4 ಮಿ.ಮೀ. ಎತ್ತರ ಇರುವ ದವಡೆ ಹಲ್ಲಿನಲ್ಲಿ ಒಟ್ಟು ಕೋನ ಸುಮಾರು 23 ಡಿಗ್ರಿ ದಾಟುವವರೆಗೆ ಗೋಡೆಯ ಮೇಲಿನ ಅರ್ಧದಷ್ಟಾದರೂ ತಡೆ ಒಡ್ಡುತ್ತದೆ. ಎತ್ತರ 3 ಮಿ.ಮೀ.ಗೆ ಇಳಿದರೆ ಮಿತಿ ಸುಮಾರು 17 ಡಿಗ್ರಿ. ಒಂದು ಮಿಲಿಮೀಟರ್ ಕಳೆದುಕೊಂಡ ಹಲ್ಲು ಆರು ಡಿಗ್ರಿಯ ತಪ್ಪನ್ನು ಕ್ಷಮಿಸುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹಿಂದಿನ ದವಡೆಯಲ್ಲಿ 20 ಡಿಗ್ರಿಗೂ ಮೀರಿದ ಕೋನಗಳು ಅಳತೆಗೆ ಸಿಗುವುದು ಸಾಮಾನ್ಯವಾದ್ದರಿಂದ ಈ ಆರು ಡಿಗ್ರಿ ಸಣ್ಣದೇನಲ್ಲ.

ಉತ್ತರ ಕನ್ನಡದಲ್ಲಿ ಈ ಲೆಕ್ಕ ಪುಸ್ತಕದಲ್ಲೇ ಉಳಿಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಅಡಿಕೆ ಘಟ್ಟದ ಮೇಲೂ ಕೆಳಗೂ ಕವಳವಾಗಿ ಬಾಯಿ ಸೇರುತ್ತದೆ. ವರ್ಷಗಟ್ಟಲೆ ಕವಳ ಜಗಿದವರ ದವಡೆ ಹಲ್ಲುಗಳು ಸವೆದು ಗಿಡ್ಡವಾಗಿರುತ್ತವೆ. ಹಾಗೆ ಸವೆದ ಹಲ್ಲಿಗೆ ಕ್ಯಾಪ್ ಹಾಕುವಾಗ, ಮೇಲೆ ಕ್ಯಾಪಿನ ದಪ್ಪಕ್ಕಾಗಿ ಇನ್ನೂ ಒಂದೂವರೆ ಮಿ.ಮೀ. ತೇಯಬೇಕು. ಉಳಿಯುವ ಎತ್ತರ ಕೆಲವೊಮ್ಮೆ ಎರಡು ಮಿ.ಮೀ. ಕೂಡ ಇರದು. ಅಡಿಕೆ ಮಾಡುವ ಕೇಡು ಇಷ್ಟಕ್ಕೇ ನಿಲ್ಲುವುದಿಲ್ಲ. ಅಡಿಕೆಯಿಂದ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುವ ರೋಗವಿದೆ. ಅಂಥವರಲ್ಲಿ ಕೊರೆಯುವ ಯಂತ್ರವನ್ನು ಕೊನೆಯ ದವಡೆ ಹಲ್ಲಿನ ಮೇಲೆ ನೆಟ್ಟಗೆ ಹಿಡಿಯಲು ಜಾಗವಿರುವುದಿಲ್ಲ. ಯಂತ್ರ ವಾಲಿತೆಂದರೆ ಗೋಡೆಯೂ ವಾಲುತ್ತದೆ. ಗಿಡ್ಡ ಹಲ್ಲು, ವಾಲಿದ ಗೋಡೆ ಎರಡೂ ಒಂದೇ ಬಾಯಲ್ಲಿ ಕೂಡಿಕೊಂಡರೆ ಯಾವ ಸಿಮೆಂಟೂ ಅದಕ್ಕೆ ಪೂರ್ತಿ ಪರಿಹಾರವಾಗದು. ಪರಿಹಾರವೂ ಆಕಾರದಲ್ಲೇ ಇದೆ. ಗೋಡೆಗಳಲ್ಲಿ ನೇರವಾದ ತೋಡುಗಳನ್ನು ಕೊರೆದರೆ ಮಗುಚುವ ಕಮಾನಿಗೆ ಹೊಸ ತಡೆ ಸಿಗುತ್ತದೆ. ತೋಡುಗಳು ಎದುರುಬದುರು ಪಕ್ಕದ ಹಲ್ಲುಗಳ ಕಡೆಯ ಗೋಡೆಗಳಲ್ಲಿದ್ದರೆ ಪರಿಣಾಮ ಹೆಚ್ಚು, ಏಕೆಂದರೆ ಓರೆ ಬಲ ಬರುವುದು ಕೆನ್ನೆ–ನಾಲಿಗೆ ದಿಕ್ಕಿನಲ್ಲಿ. ಒಸಡನ್ನು ಶಸ್ತ್ರಕ್ರಿಯೆಯಿಂದ ಕೆಳಕ್ಕಿಳಿಸಿ ಹಲ್ಲಿನ ಎತ್ತರ ಹೆಚ್ಚಿಸುವುದು ಇನ್ನೊಂದು ಮಾರ್ಗ. ಈ ಎರಡಕ್ಕೂ ಸಮಯ ಹಿಡಿಯುತ್ತದೆ. ಅದನ್ನು ಉಳಿಸಲು ಹೋಗಿ ದುಬಾರಿ ಸಿಮೆಂಟಿಗೆ ಮೊರೆಹೋಗುವುದು ಕೆಟ್ಟ ವಿನಿಮಯ.

ಹಾಗಾದರೆ ಗೋಡೆಗಳನ್ನು ಆದಷ್ಟು ನೆಟ್ಟಗೆ, ಕ್ಯಾಪನ್ನು ಆದಷ್ಟು ಬಿಗಿಯಾಗಿ ಮಾಡಿದರೆ ಸಾಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹೊಂದಿಕೆ ಮತ್ತು ಹಿಡಿತ ಪರಸ್ಪರ ಎಳೆದಾಡುವುದು ಇಲ್ಲೇ. ಹಸಿ ಸಿಮೆಂಟಿಗೂ ಒಂದು ದಪ್ಪವಿದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಕ್ಯಾಪ್ ಕೂರಿಸಲು ಬಳಸುವ ನೀರು ಆಧಾರಿತ ಸಿಮೆಂಟಿನ ಪೊರೆ 25 ಮೈಕ್ರಾನ್ ಮೀರಬಾರದು. ಒಳಮೈ ಹಲ್ಲಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಹೊಂದಿದೆ ಎಂದುಕೊಳ್ಳೋಣ. ಗೋಡೆಗಳ ಮೇಲೆ 25 ಮೈಕ್ರಾನ್ ಪೊರೆಗೆ ಜಾಗ ಆಗಬೇಕಾದರೆ ಕ್ಯಾಪ್ ಮೇಲಕ್ಕೆ ಸರಿಯಲೇಬೇಕು. ಪ್ರತಿ ಗೋಡೆ 3 ಡಿಗ್ರಿ ವಾಲಿದ್ದರೆ ಆ ಏರಿಕೆ ಸುಮಾರು 480 ಮೈಕ್ರಾನ್, ಅಂದರೆ ಹತ್ತಿರಹತ್ತಿರ ಅರ್ಧ ಮಿಲಿಮೀಟರ್. 10 ಡಿಗ್ರಿ ವಾಲಿದ್ದರೆ ಸುಮಾರು 145 ಮೈಕ್ರಾನ್. ಅತಿ ನೆಟ್ಟಗಿನ ಗೋಡೆ ಹಿಡಿತಕ್ಕೆ ಒಳ್ಳೆಯದು, ಕೂರುವುದಕ್ಕೆ ಕೆಟ್ಟದ್ದು. ಅರ್ಧ ಮಿಲಿಮೀಟರ್ ಏರಿ ಕೂತ ಕ್ಯಾಪಿನಲ್ಲಿ ಕಚ್ಚು ಎತ್ತರವಾಗುತ್ತದೆ, ಅಂಚು ಬಾಯಿಬಿಡುತ್ತದೆ. ಇದನ್ನು ತಪ್ಪಿಸಲು ಲ್ಯಾಬಿನಲ್ಲಿ ಹಲ್ಲಿನ ಪಡಿಯಚ್ಚಿಗೆ ಮೊದಲೇ ಬಣ್ಣದಂಥ ಲೇಪ ಬಳಿದು 20ರಿಂದ 40 ಮೈಕ್ರಾನ್ ಅಂತರ ಬಿಡುತ್ತಾರೆ. ಅಂಚಿನ ಹತ್ತಿರದ ಅರ್ಧದಿಂದ ಒಂದು ಮಿ.ಮೀ.ವರೆಗೆ ಮಾತ್ರ ಲೇಪವಿಲ್ಲದೆ ಬಿಗಿ ಉಳಿಸುತ್ತಾರೆ. ಅಂತರ ಬಿಟ್ಟರೆ ಹಿಡಿತ ಸಡಿಲವಾಗದೇ ಎಂಬ ಆಕ್ಷೇಪ ಸಹಜ. ಈಮ್ಸ್ ಮತ್ತು ಸಂಗಡಿಗರು 1978ರಲ್ಲಿ ಪರೀಕ್ಷಿಸಿದಾಗ ಲೇಪವಿದ್ದ ಕ್ಯಾಪುಗಳ ಹಿಡಿತ ಕುಂದಲಿಲ್ಲ, ಹೆಚ್ಚಿತು. ಪೂರ್ತಿ ಕೆಳಗಿಳಿದ ಕ್ಯಾಪಿನಲ್ಲಿ ಗೋಡೆಗೆ ಗೋಡೆ ಸರಿಯಾಗಿ ಎದುರಾಗುತ್ತದೆ, ಸಿಮೆಂಟು ಸಮವಾಗಿ ಹರಡುತ್ತದೆ. ಮುಂದಿನ ಅಧ್ಯಯನಗಳೆಲ್ಲ ಇದನ್ನೇ ಹೇಳಲಿಲ್ಲ ಎಂಬುದೂ ನಿಜ. ಆದರೂ ಮಿತಿಯೊಳಗಿನ ಅಂತರದಿಂದ ಹೊಂದಿಕೆ ಸುಧಾರಿಸುತ್ತದೆ ಎಂಬಲ್ಲಿ ಭಿನ್ನಾಭಿಪ್ರಾಯ ಕಡಿಮೆ.

ಅಂಚಿನ ಸಂದು ಎಷ್ಟಿದ್ದರೆ ಸೈ? ಮೆಕ್‌ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ 1971ರಲ್ಲಿ, ಸಾವಿರಕ್ಕೂ ಹೆಚ್ಚು ದಂತಕಿರೀಟ ಮುಂತಾದವನ್ನು ಐದು ವರ್ಷ ಗಮನಿಸಿ, 120 ಮೈಕ್ರಾನ್ ಎಂಬ ಮಿತಿಯನ್ನು ಹೇಳಿದರು. ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಂಕಿ ಇದು. ಇದನ್ನು ಗೆರೆ ಕೊರೆದ ನಿಯಮವೆಂದು ಹಿಡಿಯುವುದು ಸರಿಯಲ್ಲ. ಸಂದನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದರಲ್ಲೇ ಒಮ್ಮತವಿಲ್ಲ. ಕ್ಯಾಪಿನ ಅಂಚು ಹಲ್ಲಿನಿಂದ ಹೊರಚಾಚಿದ್ದರೆ ನೇರ ಸಂದು ಕಿರಿದಾಗಿ ಕಂಡರೂ ಪ್ಲಾಕ್ ಕೂರುವ ಮೆಟ್ಟಿಲು ಉಳಿದೇ ಇರುತ್ತದೆ. ಒಸಡಿನ ಕೆಳಗೆ ಅವಿತ ಅಂಚನ್ನು ಶೋಧಕದ ಮೊನೆಯಿಂದ ತಡವಿ ಹೇಳುವ ತೀರ್ಪು ಅನುಭವಿಗಳಲ್ಲೂ ಬಹಳ ಬೇರೆಬೇರೆಯಾಗಿರುತ್ತದೆ.

ಹೊಂದಿಕೆ ಕೆಡುವುದು ಬಹುಮಟ್ಟಿಗೆ ಹಲ್ಲು ತೇದ ಮೇಲಿನ ದಾರಿಯಲ್ಲಿ. ಅಳತೆಯ ಅಚ್ಚು, ಜಿಪ್ಸಮ್ಮಿನ ಪಡಿಯಚ್ಚು, ಮೇಣದ ಮಾದರಿ, ಎರಕ ಎಂಬ ಪ್ರತಿ ಹಂತವೂ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಒಂದರ ತಪ್ಪನ್ನು ಇನ್ನೊಂದರಿಂದ ಸರಿದೂಗಿಸುವುದೇ ಈ ಕಸುಬಿನ ಒಳಗುಟ್ಟು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ದಂತವೈದ್ಯಕ್ಕೆ ತಂದ ಮೇಣ ಕರಗಿಸುವ ಎರಕದಲ್ಲಿ ಚಿನ್ನದ ಮಿಶ್ರಲೋಹ ತಣಿಯುವಾಗ ಸುಮಾರು ಶೇ. 1.5ರಷ್ಟು ಕುಗ್ಗುತ್ತದೆ, ನಿಕ್ಕಲ್–ಕ್ರೋಮಿಯಂ ಶೇ. 2ಕ್ಕೂ ಹೆಚ್ಚು. ಎರಕದ ಅಚ್ಚುಮಣ್ಣು ಅಷ್ಟೇ ಹಿಗ್ಗದಿದ್ದರೆ ಕ್ಯಾಪ್ ಹಲ್ಲಿಗೆ ಇಳಿಯುವುದೇ ಇಲ್ಲ. ಅಚ್ಚಿನ ಹಂತದಲ್ಲಿ ಕಾರವಾರದ ಹವೆ ನೇರವಾಗಿ ಕೈಹಾಕುತ್ತದೆ. ಆಲ್ಜಿನೇಟ್ ಅಚ್ಚು ನೀರು ಕುಡಿದರೆ ಊದುತ್ತದೆ, ನೀರು ಬಿಟ್ಟರೆ ಕುಗ್ಗುತ್ತದೆ. ಅದನ್ನು ಕೆಲವು ನಿಮಿಷಗಳಲ್ಲೇ ಜಿಪ್ಸಮ್ಮಿನಿಂದ ತುಂಬಬೇಕು. ಪಾಲಿಈಥರ್ ನಿಖರವಾದರೂ ತೇವ ಹೀರಿ ಊದುವ ಸ್ವಭಾವದ್ದು. ಕಂಡೆನ್ಸೇಶನ್ ಸಿಲಿಕೋನ್ ಆಲ್ಕೋಹಾಲನ್ನು ಬಿಡುತ್ತ ಕುಗ್ಗುತ್ತ ಹೋಗುತ್ತದೆ. ಇಂಥ ತೇವದಲ್ಲಿ ದಿನಗಟ್ಟಲೆ ಅಳತೆ ಕಾಯ್ದುಕೊಳ್ಳುವುದು ಇವುಗಳಲ್ಲಿ ಅಡಿಶನ್ ಸಿಲಿಕೋನ್ ಮಾತ್ರ. ಲ್ಯಾಬು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇದ್ದು ಅಚ್ಚು ಬಸ್ಸಿನಲ್ಲಿ ಹೋಗಬೇಕಾದರೆ, ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚುವ ಜಿಲ್ಲೆಯಲ್ಲಿ ಈ ಆಯ್ಕೆಯೇ ಹೊಂದಿಕೆಯನ್ನು ನಿರ್ಧರಿಸುತ್ತದೆ. ಅಡಿಶನ್ ಸಿಲಿಕೋನಿಗೂ ಒಂದು ಪಥ್ಯವಿದೆ: ಲೇಟೆಕ್ಸ್ ಗ್ಲೌಸಿನ ಗಂಧಕ ತಾಗಿದರೆ ಅದು ಗಟ್ಟಿಯಾಗುವುದಿಲ್ಲ. ಬಾಯಿ ಬಿಚ್ಚಿಟ್ಟ ಜಿಪ್ಸಮ್ ಚೀಲವೂ ತೇವ ಹೀರಿ, ಗಟ್ಟಿಯಾಗುವ ಹೊತ್ತು ಏರುಪೇರಾಗಿ, ಬಲ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ ಇಲ್ಲಿ ಹೆಚ್ಚುವರಿ ಶಿಸ್ತೇನಲ್ಲ, ಕನಿಷ್ಠ ಅಗತ್ಯ.

ಕಂಪ್ಯೂಟರಿನಿಂದ ಕೊರೆದ ಕ್ಯಾಪುಗಳು ಈ ತಾಪತ್ರಯಗಳನ್ನೆಲ್ಲ ಮುಗಿಸಿಲ್ಲವೇ? 1985ರಲ್ಲಿ ಜ್ಯೂರಿಕ್‌ನಲ್ಲಿ ವರ್ನರ್ ಮೋರ್ಮನ್ ಆರಂಭಿಸಿದ ಸೆರೆಕ್ ಪದ್ಧತಿಯಿಂದ ಹಿಡಿದು ಇಂದಿನ ಬಾಯೊಳಗಿನ ಸ್ಕ್ಯಾನರುಗಳವರೆಗೆ ಪ್ರಗತಿ ದೊಡ್ಡದು. ಅಚ್ಚು ಊದುವ, ಮೇಣ ಸೆಟೆಯುವ ಭಯ ಹೋಗಿದೆ. ಆದರೆ ಸ್ಕ್ಯಾನರು ಕಂಡದ್ದನ್ನಷ್ಟೇ ದಾಖಲಿಸುತ್ತದೆ. ಒಸಡಿನಡಿಯ ಅಂಚು ರಕ್ತ, ಎಂಜಲಿನಲ್ಲಿ ಮುಳುಗಿದ್ದರೆ ಅದಕ್ಕೂ ಕಾಣದು. ಕೊರೆಯುವ ಮೊನೆಯ ದಪ್ಪಕ್ಕಿಂತ ಚೂಪಾದ ಮೂಲೆ ತೇದ ಹಲ್ಲಿನಲ್ಲಿದ್ದರೆ ಯಂತ್ರ ಕ್ಯಾಪಿನ ಒಳಮೈಯನ್ನು ಅಲ್ಲಿ ಹೆಚ್ಚಾಗಿ ಕೊರೆದುಬಿಡುತ್ತದೆ. ಜಿರ್ಕೋನಿಯಾ ಕುಲುಮೆಯಲ್ಲಿ ಬೇಯುವಾಗ ಶೇ. 20ರಿಂದ 25ರಷ್ಟು ಕುಗ್ಗುತ್ತದೆ. ಯಂತ್ರ ಇದನ್ನು ಮೊದಲೇ ಲೆಕ್ಕಹಾಕಿ ದೊಡ್ಡದಾಗಿ ಕೊರೆಯುತ್ತದೆ ಎಂಬುದು ಸರಿ. ತೇದ ಹಲ್ಲಿನ ಇಳಿಜಾರನ್ನು ಮಾತ್ರ ಯಾವ ಯಂತ್ರವೂ ತಿದ್ದಲಾರದು.

ಈಗ ಸಿಮೆಂಟು. ಜಿಂಕ್ ಫಾಸ್ಫೇಟ್ ಹತ್ತೊಂಬತ್ತನೆಯ ಶತಮಾನದಿಂದ ಬಳಕೆಯಲ್ಲಿದೆ. ಅದು ಹಲ್ಲಿಗೂ ಲೋಹಕ್ಕೂ ರಾಸಾಯನಿಕವಾಗಿ ಅಂಟುವುದಿಲ್ಲ, ಎರಡೂ ಮೈಗಳ ಒರಟಿನೊಳಗೆ ನುಗ್ಗಿ ಬೆಣೆಯಂತೆ ಕಚ್ಚುತ್ತದೆ. ಹಾಗಾಗಿ ಕ್ಯಾಪಿನ ಒಳಮೈಯನ್ನು 50 ಮೈಕ್ರಾನಿನ ಅಲ್ಯೂಮಿನಾ ಪುಡಿಯಿಂದ ಒರಟುಗೊಳಿಸಿದರೆ ಹಿಡಿತ ಗಣನೀಯವಾಗಿ ಏರುತ್ತದೆ. 1968ರಲ್ಲಿ ಡೆನಿಸ್ ಸ್ಮಿತ್ ರೂಪಿಸಿದ ಪಾಲಿಕಾರ್ಬಾಕ್ಸಿಲೇಟ್, 1970ರ ದಶಕದ ಆರಂಭದಲ್ಲಿ ವಿಲ್ಸನ್ ಮತ್ತು ಕೆಂಟ್ ತಂದ ಗ್ಲಾಸ್ ಅಯೊನೊಮರ್ ಇವೆರಡೂ ಹಲ್ಲಿನ ಕ್ಯಾಲ್ಸಿಯಮ್ಮಿಗೆ ಅಂಟುತ್ತವೆ. ಗ್ಲಾಸ್ ಅಯೊನೊಮರ್ ಗಟ್ಟಿಯಾಗುವ ಮೊದಲ ನಿಮಿಷಗಳಲ್ಲಿ ಎಂಜಲು ತಾಗಿದರೆ ಅದರ ಅಂಚು ಕರಗುತ್ತದೆ, ಹೆಚ್ಚು ಒಣಗಿದರೆ ಬಿರಿಯುತ್ತದೆ.

ಇವುಗಳ ಗುಣವನ್ನು ಮಾನದಂಡಗಳು ಅಳೆಯುವುದು 23 ಡಿಗ್ರಿ ತಾಪ, ಸುಮಾರು ಶೇ. 50 ಸಾಪೇಕ್ಷ ತೇವದ ಕೋಣೆಯಲ್ಲಿ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾರವಾರದ ಆಷಾಢ ಅಂಥ ಕೋಣೆಯಲ್ಲ. ಜಿಂಕ್ ಫಾಸ್ಫೇಟನ್ನು ತಣ್ಣನೆಯ ಗಾಜಿನ ಹಲಗೆಯ ಮೇಲೆ ಸ್ವಲ್ಪಸ್ವಲ್ಪವೇ ಪುಡಿ ಸೇರಿಸುತ್ತ ಕಲಸಬೇಕೆಂಬುದು ಸರಿಯಾದ ಪಾಠ, ಏಕೆಂದರೆ ತಂಪು ಹಲಗೆ ಗಟ್ಟಿಯಾಗುವುದನ್ನು ನಿಧಾನಿಸಿ ಹೆಚ್ಚು ಪುಡಿ ಹಿಡಿಸುತ್ತದೆ. ಆದರೆ ಹಲಗೆಯ ತಾಪ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರತೊಡಗುವ ತಾಪಕ್ಕಿಂತ, ಕೆಳಗಿಳಿಯಬಾರದೆಂಬುದು ಅದೇ ಪಾಠದ ಎರಡನೆಯ ಅರ್ಧ. ಮಾನದಂಡದ ಕೋಣೆಯಲ್ಲಿ ಇಬ್ಬನಿ ಬಿಂದು ಸುಮಾರು 12 ಡಿಗ್ರಿ, ಆದ್ದರಿಂದ 18 ಡಿಗ್ರಿಯ ಹಲಗೆ ಒಣಗಿಯೇ ಇರುತ್ತದೆ. 28 ಡಿಗ್ರಿ ತಾಪ, ಶೇ. 85 ತೇವವಿದ್ದರೆ ಇಬ್ಬನಿ ಬಿಂದು 25 ಡಿಗ್ರಿಗೆ ಏರುತ್ತದೆ. ಅಲ್ಲಿ 18 ಡಿಗ್ರಿಯ ಹಲಗೆ ಬೆವರುತ್ತದೆ. ಆ ನೀರು ಸಿಮೆಂಟಿನೊಳಗೆ ಸೇರಿ ಬೇಗ ಬಿಗಿಯುವಂತೆ ಮಾಡುತ್ತದೆ, ಬಲ ಕುಗ್ಗಿಸುತ್ತದೆ, ಕರಗುವ ಗುಣ ಹೆಚ್ಚಿಸುತ್ತದೆ. ಬೇಗ ದಪ್ಪವಾದ ಸಿಮೆಂಟಿನ ಮೇಲೆ ಕ್ಯಾಪ್ ಪೂರ್ತಿ ಇಳಿಯದು, ಅಲ್ಲಿಗೆ ಹೊಂದಿಕೆಯೂ ಹೋಯಿತು. ಏರ್ ಕಂಡಿಷನರ್ ಇದ್ದರೆ ಈ ಚಿಂತೆ ಇಲ್ಲ ಎನ್ನಬಹುದು. ಅದು ಬಹುಮಟ್ಟಿಗೆ ನಿಜ, ಕೋಣೆ ಒಣಗುವಷ್ಟು ಹೊತ್ತು ಓಡಿಸಿದ್ದರೆ ಮತ್ತು ಮಳೆಯಲ್ಲಿ ಕರೆಂಟು ಇದ್ದರೆ. ಅಳತೆಗೊಂಡು ಮುಚ್ಚಿದ ಕ್ಯಾಪ್ಸೂಲಿನಲ್ಲಿ ಬರುವ ಗ್ಲಾಸ್ ಅಯೊನೊಮರ್ ಕರಾವಳಿಗೆ ಇನ್ನೂ ಯೋಗ್ಯ, ಹಲಗೆಯೇ ಬೇಕಿಲ್ಲ.

ಅತ್ಯಂತ ಗಟ್ಟಿಯಾದ ಆಕ್ಷೇಪ ಬರುವುದು ರೆಸಿನ್ ಸಿಮೆಂಟುಗಳ ಕಡೆಯಿಂದ. ಹಲ್ಲಿಗೂ ಪಿಂಗಾಣಿಗೂ ನಿಜವಾಗಿ ಬಂಧ ಬೆಸೆಯುವ ಸಿಮೆಂಟು ಬಂದಿರುವಾಗ ಡಿಗ್ರಿ, ಮಿಲಿಮೀಟರುಗಳ ಈ ಹಳೆಯ ಶಾಸ್ತ್ರ ಏಕೆ? ಈ ವಾದದಲ್ಲಿ ತಿರುಳಿದೆ. ಪ್ರಯೋಗಗಳಲ್ಲಿ ಹೆಚ್ಚು ವಾಲಿದ ಗೋಡೆಗಳ ಮೇಲೂ ರೆಸಿನ್ ಸಿಮೆಂಟು ಜಿಂಕ್ ಫಾಸ್ಫೇಟಿಗಿಂತ ಚೆನ್ನಾಗಿ ಹಿಡಿದಿದೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಪಿಂಗಾಣಿಯ ಕ್ಯಾಪಿಗೆ ಹೈಡ್ರೋಫ್ಲೋರಿಕ್ ಆಮ್ಲ ಮತ್ತು ಸಿಲೇನ್ ಹಚ್ಚಿ ಬೆಸೆದರೆ ಕ್ಯಾಪ್ ಸ್ವತಃ ಗಟ್ಟಿಯಾಗುತ್ತದೆ. ಆದರೆ ಈ ಬಂಧ ಶುಚಿ, ಒಣ ಮೈಗಳನ್ನೇ ಕೇಳುತ್ತದೆ. ಬಾಯಿಯ ತಾಪ 35 ಡಿಗ್ರಿ ದಾಟುತ್ತದೆ, ಉಸಿರು ತೇವದಿಂದ ತುಂಬಿರುತ್ತದೆ. ಕೋಣೆಯ ಏರ್ ಕಂಡಿಷನರ್ ಅಲ್ಲಿಗೆ ತಲುಪದು. ಎಂಜಲು ತಡೆಯುವ ರಬ್ಬರ್ ಡ್ಯಾಮ್ ಹಾಳೆಯನ್ನು ಕಟ್ಟಲಾಗದ, ಒಸಡಿನ ಕೆಳಗಿಳಿದ ಅಂಚಿನಲ್ಲಿ ಬಂಧ ಎಷ್ಟು ಬೆಸೆಯಿತೆಂದು ನೋಡುವ ಉಪಾಯವೂ ಇಲ್ಲ. ಜಿರ್ಕೋನಿಯಾದಲ್ಲಿ ಆಮ್ಲ ಕೊರೆಯುವ ಗಾಜೇ ಇಲ್ಲದ್ದರಿಂದ ಪುಡಿಯಿಂದ ಒರಟುಗೊಳಿಸಿ ಎಂಡಿಪಿ ಎಂಬ ರಾಸಾಯನಿಕ ಇರುವ ಲೇಪ ಹಚ್ಚಬೇಕು. ಬಾಯಲ್ಲಿಟ್ಟು ನೋಡಿದಾಗ ಎಂಜಲಿನ ಫಾಸ್ಫೇಟು ಆ ಮೈಯನ್ನು ಮೊದಲೇ ಆಕ್ರಮಿಸಿದ್ದರೆ ಲೇಪ ಹಿಡಿಯುವುದಿಲ್ಲ. ತಾತ್ಕಾಲಿಕ ಸಿಮೆಂಟಿನಲ್ಲಿ ಲವಂಗದೆಣ್ಣೆಯ ಯೂಜಿನಾಲ್ ಇದ್ದು ಅದನ್ನು ಸರಿಯಾಗಿ ತೊಳೆಯದಿದ್ದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ವರ್ಷಗಳು ಕಳೆದಂತೆ ಹಲ್ಲಿನ ಒಳಪದರವಾದ ಡೆಂಟಿನ್ನಿನ ಬಂಧವನ್ನು ನೀರು ಒಳಗಿಂದಲೇ ಸವೆಸುತ್ತದೆ. ಗೋಡೆಗಳ ಆಕಾರ ಹಾಗೆ ಸವೆಯುವುದಿಲ್ಲ. ಆದ್ದರಿಂದ ಒಳ್ಳೆಯ ಆಕಾರಕ್ಕೆ ರೆಸಿನ್ ಬಂಧ ಸೇರಿಸುವುದು ಲಾಭ. ಆಕಾರದ ಬದಲಿಗೆ ಅದನ್ನು ನಂಬುವುದು, ವಿಶೇಷವಾಗಿ ಸವೆದ ಗಿಡ್ಡ ಹಲ್ಲುಗಳಲ್ಲಿ, ಅಪಾಯ.

ರೂಟ್ ಕೆನಾಲ್ ಆದ ಹಲ್ಲಿಗೆ ಒಂದು ಮಾತು ಸೇರಿಸಬೇಕು. ಒಳಗೆ ಕಂಬ ನೆಟ್ಟು, ಮೇಲೆ ಗಾರೆ ತುಂಬಿ ಕಟ್ಟಿದ ಗುಪ್ಪೆಯನ್ನಷ್ಟೇ ಕ್ಯಾಪ್ ಹಿಡಿದರೆ ಸಾಲದು. ಅದರ ಕೆಳಗೆ ಸುತ್ತಲೂ ಒಂದೂವರೆಯಿಂದ ಎರಡು ಮಿ.ಮೀ. ಎತ್ತರದ ನಿಜವಾದ ಹಲ್ಲಿನ ಪಟ್ಟಿಯನ್ನು ಬಳೆಯ ಹಾಗೆ ತಬ್ಬಿರಬೇಕು. ಆ ಪಟ್ಟಿಯಿಲ್ಲದಿದ್ದರೆ ಕ್ಯಾಪ್ ಕಂಬದ ಸಮೇತ ಹೊರಬರುತ್ತದೆ, ಇಲ್ಲವೇ ಬೇರು ಸೀಳುತ್ತದೆ.

ಇಷ್ಟೆಲ್ಲ ಎಚ್ಚರ ಅತಿಯಾಯಿತೇ? 2003ರಲ್ಲಿ ಗುಡೇಕರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದಾಗ ಬಿಡಿ ಕ್ಯಾಪುಗಳಲ್ಲಿ ಹಿಡಿತ ತಪ್ಪಿದ್ದು ಸುಮಾರು ಶೇ. 2 ಮಾತ್ರ. ಅಂಕಿ ಸಮಾಧಾನ ಕೊಡುವಂಥದ್ದೇ. ಆದರೆ ಅದು ಕಳಚಿ ಬಿದ್ದವುಗಳ ಲೆಕ್ಕ. ಕಳಚದೆ, ಒಳಗೆ ಸಿಮೆಂಟು ಒಡೆದು, ಅಗಿದಾಗಲೆಲ್ಲ ಎಂಜಲನ್ನು ಒಳಕ್ಕೆಳೆಯುವ ಸಡಿಲ ಕ್ಯಾಪ್ ಈ ಲೆಕ್ಕಕ್ಕೆ ಬರುವುದು ತಡವಾಗಿ, ಹಲ್ಲು ಒಳಗೇ ಹುಳುಕಾದ ಮೇಲೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನೋವೂ ಇರುವುದಿಲ್ಲ. ಕರ್ನಾಟಕದ ದಂತಭಾಗ್ಯ ಯೋಜನೆ ರೂಪುಗೊಂಡದ್ದು ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಪೂರ್ಣ ದಂತಪಂಕ್ತಿ ಕೊಡಲು. ಇದ್ದ ಹಲ್ಲನ್ನು ಉಳಿಸುವ ಕ್ಯಾಪಿನ ಖರ್ಚನ್ನು ಬಹುಪಾಲು ಕುಟುಂಬಗಳು ಕೈಯಿಂದಲೇ ಭರಿಸುತ್ತವೆ. ಕ್ಯಾಪಿನ ಬಳಿ ಉಪ್ಪುಪ್ಪು ರುಚಿ, ವಾಸನೆ ಬರುತ್ತಿದ್ದರೆ, ಕಚ್ಚಿದಾಗ ಅಲುಗಿದಂತೆ ಅನಿಸಿದರೆ, ಬೀಳುವವರೆಗೆ ಕಾಯಬೇಡಿ. ಬಿದ್ದರೆ ಅದನ್ನು ಎಸೆಯಬೇಡಿ, ಅಂಗಡಿಯ ಅಂಟು ಹಚ್ಚಿ ಮನೆಯಲ್ಲೇ ಕೂರಿಸಬೇಡಿ. ಸಣ್ಣ ಡಬ್ಬಿಯಲ್ಲಿಟ್ಟು ಕೆಲವೇ ದಿನಗಳಲ್ಲಿ ವೈದ್ಯರಿಗೆ ತೋರಿಸಿ, ಮರಳಿ ಅಂಟಿಸುವ ಮೊದಲು ಏಕೆ ಬಿತ್ತೆಂದು ಕೇಳಿ. ಸಿಮೆಂಟು ಕ್ಯಾಪಿನ ಒಳಗೇ ಉಳಿದಿದೆಯೋ ಹಲ್ಲಿನ ಮೇಲೆ ಉಳಿದಿದೆಯೋ ಎಂಬುದರಲ್ಲೇ ಉತ್ತರದ ಒಂದು ಭಾಗ ಸಿಗುತ್ತದೆ.